ವಾರ್ಡನಮ್ಮನಿಗೆ ಹೋದ ಮೊದಲ ರೊಟ್ಟಿ

ಹೋದ ತಿಂಗಳು ಮೊಣಕಾಲು ತೋರಿಸಲು ಗದ್ವಾಲದ ಆಸ್ಪತ್ರೆಗೆ ಹೋಗಿದ್ದೆ. ವರಾಂಡವನ್ನು ಆಗಷ್ಟೇ ಒರೆಸಿದ್ದರು, ಫಿನಾಯಿಲ್ ವಾಸನೆ ಮೂಗಿಗೆ ಅಡರುತ್ತಿತ್ತು. ಪಕ್ಕದ ಬೆಂಚಿನಲ್ಲಿ ಕೂತ ಹೆಂಗಸು ಬುತ್ತಿಯ ಗಂಟು ಬಿಚ್ಚಿದಳು. ಇನ್ನೂ ಬಿಸಿ ಆರದ ಜೋಳದ ರೊಟ್ಟಿ, ಮೇಲೆ ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ. ಫಿನಾಯಿಲ್, ರೊಟ್ಟಿ, ಎರಡೂ ವಾಸನೆ ಒಂದೇ ಉಸಿರಿನಲ್ಲಿ ಒಳಗೆ ಹೋದವು ನೋಡಿ... ನಾನು ಮಕ್ತಲ್ ರಸ್ತೆಯ ಆ ವೃದ್ಧಾಶ್ರಮದ ಅಡುಗೆಮನೆ ಬಾಗಿಲಲ್ಲಿ ನಿಂತುಬಿಟ್ಟಿದ್ದೆ. ಎದುರಿಗೆ ಅಲ್ಲಿಯ ವಾರ್ಡನಮ್ಮ. ಹೊಟ್ಟೆಯಲ್ಲಿ ಅದೇ ಹಳೆಯ ಉರಿ. ಇಷ್ಟು ವರ್ಷದ ಮೇಲೂ ಆರಿಲ್ಲವಲ್ಲ ಎಂದು ನನಗೇ ನಾಚಿಕೆಯಾಯಿತು.

ಆಗ ನಾನು ನಾರಾಯಣಪೇಟೆಯ ಕಚೇರಿಯಲ್ಲಿದ್ದೆ. ಸುತ್ತಲಿನ ಆಶ್ರಮಗಳಿಗೆ ಹೋಗಿ ಊಟ, ನೀರು, ಔಷಧಿ, ಬೆಂಕಿಯ ಭದ್ರತೆ ಎಲ್ಲ ಸರಿಯಾಗಿದೆಯೋ ಇಲ್ಲವೋ ನೋಡಿ ವರದಿ ಬರೆಯುವುದು ನನ್ನ ಕೆಲಸ. ಭಾರೀ ಖಡಕ್ ಮನುಷ್ಯ ಎಂದು ಹೆಸರಿತ್ತು. ಆ ಹೆಸರನ್ನು ಅರ್ಧ ನಾನೇ ಹಬ್ಬಿಸಿದ್ದೆ ಅನ್ನಿ. ಹಾಸಿಗೆಯನ್ನು ತಲೆದಿಂಬಿನ ಕಡೆ ಮೂಸಿದರೆ ಏನೂ ಗೊತ್ತಾಗುವುದಿಲ್ಲ, ಕಾಲ ಕಡೆಯ ಮೂಲೆ ಎತ್ತಿ ಮೂಸಬೇಕು. ಮುದುಕರನ್ನು ‘ಊಟ ಹೇಗಿದೆ’ ಎಂದು ಕೇಳಿದರೆ ಹೆದರಿಕೊಂಡು ‘ಚೆನ್ನಾಗಿದೆ’ ಅನ್ನುತ್ತಾರೆ. ‘ನಿನ್ನೆ ಯಾವ ಪಲ್ಯ ಮಾಡಿದ್ದರು’ ಎಂದು ಕೇಳಬೇಕು, ಆಗ ನಿಜ ಹೊರಗೆ ಬೀಳುತ್ತದೆ. ಇದೆಲ್ಲ ನನಗೆ ಕರಗತವಾಗಿತ್ತು.

ಆ ಆಶ್ರಮದಲ್ಲಿ ನನ್ನ ಸೋದರತ್ತೆ ಇದ್ದಳು. ಹೆತ್ತ ತಾಯಿ ಸತ್ತಾಗ ಅಪ್ಪ ನನ್ನನ್ನು ಒಯ್ದು ಕೃಷ್ಣೆಯ ಆಚೆ, ರಾಯಚೂರು ಕಡೆಯ ಹಳ್ಳಿಯಲ್ಲಿದ್ದ ಅವಳ ಮಡಿಲಿಗೆ ಹಾಕಿದ್ದ. ಅವಳಿಗೆ ಮಕ್ಕಳಿರಲಿಲ್ಲ. ನನಗೆ ನೌಕರಿ ಸಿಕ್ಕ ಮೇಲೆ ಈಚೆ ದಂಡೆಗೆ, ನನ್ನ ಮನೆಗೆ ಬಂದಳು. ಒಮ್ಮೆ ಬಚ್ಚಲಲ್ಲಿ ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡಳು. ಹಗಲು ನಾನೂ ನನ್ನ ಹೆಂಡತಿಯೂ ಕೆಲಸಕ್ಕೆ ಹೋದರೆ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಕೊನೆಗೆ ಅವಳೇ ಹೇಳಿದಳು: “ದಿನಾ ಗ್ವಾಡಿ ನೋಡಿಕೊಂತ ಕುಂದ್ರಾಕ ನನ್ನ ಕೈಲೆ ಆಗಂಗಿಲ್ಲಪಾ. ನಾಕು ಮಂದಿ ಇರೋ ಕಡಿ ಬಿಡು ನನ್ನ.” ಬಿಟ್ಟು ಬಂದೆ. ‘ಬ್ಯಾಡ, ಇಲ್ಲೇ ಇರು’ ಎಂದು ನಾನು ಒಂದು ಸಲವಾದರೂ ಅಂದಿದ್ದೆನೇ... ನೆನಪಾಗುತ್ತಿಲ್ಲ.

ಪ್ರತಿ ಭಾನುವಾರ ಹೋಗುತ್ತಿದ್ದೆ. ಮೊದಲ ತಿಂಗಳು ಬರೀ ಸೊಂಟದ ಮಾತು. ಎರಡನೇ ತಿಂಗಳಿಂದ ಬಾಯಿ ತೆರೆದರೆ ವಾರ್ಡನಮ್ಮ. ವಾರ್ಡನಮ್ಮ ಹಂಗಂದಳು, ವಾರ್ಡನಮ್ಮ ಹಿಂಗಂದಳು. ನಾನು ಸೀತಾಫಲ ಒಯ್ದರೆ, ಚೆನ್ನಾಗಿ ಕಣ್ಣು ಬಿಟ್ಟ ಹಣ್ಣು ಆರಿಸಿ ದಿಂಬಿನ ಹಿಂದೆ ಇಡುವಳು. ಯಾರಿಗೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ನನ್ನ ರೊಕ್ಕದ ಹಣ್ಣು, ನನ್ನ ಅತ್ತೆ, ತಿನ್ನುವವಳು ಮಾತ್ರ ಅವಳು!

ವಾರ್ಡನಮ್ಮ ಅಲಂಪುರದ ಕಡೆಯವಳು. ನಲವತ್ತೈದರ ಆಸುಪಾಸು. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದಳು, ದನಿ ಮಾತ್ರ ಅಂಗಳ ದಾಟಿ ರಸ್ತೆಗೆ ಕೇಳುತ್ತಿತ್ತು. ಕನ್ನಡವನ್ನು ಅಲ್ಲಿಯ ಮುದುಕಿಯರಿಂದಲೇ ಕಲಿತಿದ್ದಳಂತೆ, ಅರ್ಧಕ್ಕರ್ಧ ತೆಲುಗು ಬೆರೆತ ಕನ್ನಡ. ಬೇರೆ ಆಶ್ರಮಗಳಲ್ಲಿ ಹೊಸಬರು ಬಂದರೆ ಸಕ್ಕರೆ ಕಾಯಿಲೆ ಇದೆಯೇ, ಬಿಪಿ ಇದೆಯೇ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಅದನ್ನು ಇವಳೂ ಕೇಳುತ್ತಿದ್ದಳು, ಆದರೆ ಅದಕ್ಕೂ ಮೊದಲು “ನಿಮ್ಮ ಕೈಗೆ ಏನು ಬರ್ತೈತ್ರೀ?” ಎಂದು ಕೇಳುತ್ತಿದ್ದಳು. ನೇಕಾರರ ಮನೆಯಿಂದ ಬಂದ ಅಜ್ಜಿ ಹರಿದ ಸೀರೆಗಳ ಅಂಚು ಹೊಲಿಯುವಳು. ಕಿರಾಣಿ ಅಂಗಡಿ ಇಟ್ಟಿದ್ದ ಒಬ್ಬ ಅಜ್ಜ ಬೇಳೆ ಆರಿಸುವನು. ನನ್ನ ಅತ್ತೆ “ನನಗ ರೊಟ್ಟಿ ಬಿಟ್ರ ಏನೂ ಬರಂಗಿಲ್ಲವ್ವ” ಅಂದಿದ್ದಳಂತೆ. ಸೊಂಟ ಸ್ವಲ್ಪ ಹಗುರಾದದ್ದೇ ಅವಳಿಗೆ ಅಡುಗೆಮನೆಯಲ್ಲಿ ಒಂದು ಹೊತ್ತಿನ ಪಾಳಿ ಸಿಕ್ಕಿತು. ಇದನ್ನೆಲ್ಲ ಅತ್ತೆ ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀವು. ನನ್ನ ಮನೆಯಲ್ಲಿ ಆ ಮುಖವನ್ನು ನಾನು ಒಂದು ದಿನವೂ ಕಂಡಿರಲಿಲ್ಲ.

ಆ ವರ್ಷದ ಪರಿಶೀಲನೆಗೆ ಆ ಆಶ್ರಮ ನನ್ನ ಪಾಲಿಗೆ ಬಂತು. ನಮ್ಮವರೇ ಅಲ್ಲಿದ್ದಾರೆ, ಬೇರೆಯವರನ್ನು ಕಳಿಸಿ ಎಂದು ನಮ್ಮ ಆಫೀಸರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಏಕೆಂದರೆ ಹೋಗಬೇಕೆಂದು ನನಗೇ ಆಸೆಯಿತ್ತು. ಅಷ್ಟು ಹೊಗಳಿಸಿಕೊಂಡವಳ ಹುಳುಕನ್ನು ನಾನೇ ಹುಡುಕಿ ತೆಗೆಯಬೇಕಿತ್ತು.

ಬೆಳಿಗ್ಗೆಯಿಂದ ಹುಡುಕಿದೆ. ಹಾಸಿಗೆಗಳ ಕಾಲ ಕಡೆ ಮೂಸಿದರೆ ಬಿಸಿಲಿನ ವಾಸನೆ. ನೀರಿನ ಟಾಕಿಯಲ್ಲಿ ಇಣುಕಿದರೆ ತಳ ಕಾಣುವಷ್ಟು ತಿಳಿ. ಔಷಧಿಗಳೆಲ್ಲ ಹೆಸರು ಬರೆದ ಡಬ್ಬಿಗಳಲ್ಲಿದ್ದವು. ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಮುಗಿದಿರಲಿಲ್ಲ. ಬಚ್ಚಲ ಗೋಡೆಗಳಿಗೆ ಹಿಡಿದು ಏಳಲು ಕಂಬಿ ಹಾಕಿಸಿದ್ದಳು, ನೆಲಕ್ಕೆ ಒರಟು ಕಲ್ಲು. ನನ್ನ ಮನೆಯ ಬಚ್ಚಲಿಗೆ ಇಂಥ ಒಂದು ಕಂಬಿ ಹಾಕಿಸಿದ್ದರೆ ಅತ್ತೆ ಬೀಳುತ್ತಲೇ ಇರಲಿಲ್ಲ. ಹುಳುಕು ಸಿಗದ ಕಡೆ ಇನ್‌ಸ್ಪೆಕ್ಟರನಿಗೆ ಖುಷಿಯಾಗಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಅಡುಗೆಮನೆಗೆ ಬಂದೆ. ಅತ್ತೆಯ ಸೊಂಟಕ್ಕೆ ಸರಿಹೋಗುವಂತೆ ಒಲೆಯನ್ನು ಒಂದು ಗಿಡ್ಡ ಕಲ್ಲುಕಟ್ಟೆಯ ಮೇಲೆ ಇಡಿಸಿದ್ದರು. ಅತ್ತೆ ಕುರ್ಚಿಯಲ್ಲಿ ಕೂತು ರೊಟ್ಟಿ ತಟ್ಟುತ್ತಿದ್ದಳು. ಬೆಂಕಿ ತಗಲದಂತೆ ವಾರ್ಡನಮ್ಮ ಅವಳ ಸೆರಗನ್ನು ಹಿಂದಕ್ಕೆ ಎಳೆದು ಬೆನ್ನಿಗೆ ಪಿನ್ನು ಹಾಕಿದ್ದಳು. ಪಕ್ಕದಲ್ಲೇ ಒಂದು ಬಕೆಟ್ ನೀರು, ಒದ್ದೆ ಗೋಣಿಚೀಲ. ಹೆಂಚಿನ ಮೇಲಿಂದ ರೊಟ್ಟಿ ತೆಗೆಯಲು ಮಾತ್ರ ವಾರ್ಡನಮ್ಮ ಅತ್ತೆಯನ್ನು ಎಂದೂ ಬಿಡುತ್ತಿರಲಿಲ್ಲ, ತಾನೇ ತೆಗೆಯುತ್ತಿದ್ದಳು.

“ಬಂದ್ಯಾ? ಕುಂದ್ರು,” ಅಂದಳು ಅತ್ತೆ, ತಲೆ ಕೂಡ ಎತ್ತದೆ.

ಆ ದಿನದ ಮೊದಲ ರೊಟ್ಟಿ ಉಬ್ಬಿ ಬಂತು. ಚಿಕ್ಕವನಿದ್ದಾಗ ಹೆಂಚಿನ ಮೊದಲ ರೊಟ್ಟಿ ಯಾವತ್ತೂ ನನ್ನದು. ಬದುಕಿದ್ದಷ್ಟು ದಿನ ಮಾವನಿಗೂ ಎರಡನೆಯದೇ. ‘ತಗೊ ಬಂಗಾರ’ ಎಂದು ಹಿಂಡಿ ಸವರಿ, ಮಡಿಸಿ ಕೊಡುತ್ತಿದ್ದಳು. ನನಗೆ ಗೊತ್ತಿಲ್ಲದೆಯೇ ಕೈ ಮುಂದೆ ಹೋಯಿತು. ಅತ್ತೆ ರೊಟ್ಟಿಗೆ ಹಿಂಡಿ ಸವರಿ, ಮಡಿಸಿ, ವಾರ್ಡನಮ್ಮನ ಕಡೆ ಚಾಚಿದಳು. “ತಗೊ ಬಂಗಾರ, ಮುಂಜಾನಿಂದ ಬಾಯಾಗ ಹನಿ ನೀರು ಹಾಕಿಲ್ಲ ನೀ.” ಆಮೇಲೆ ನನ್ನ ಕಡೆ ನೋಡಿ, “ನೀ ತಡಿಯಪಾ, ಮುಂದಿಂದು ನಿನಗ.”

ವಾರ್ಡನಮ್ಮ ಸಂಕೋಚದಿಂದ ರೊಟ್ಟಿಯನ್ನು ನನ್ನತ್ತ ಹಿಡಿದಳು: “ಸಾರ್ ತಿನ್ನಲಿ ಅಮ್ಮಾ, ನಾ ತರ್ವಾತ ತಿಂತೀನಿ.” ಅವಳು ದಾನ ಮಾಡುವುದು, ನಾನು ತಿನ್ನುವುದು! ಕೆಲಸವಿದೆ ಎಂದು ಹೇಳಿ ಹೊರಗೆ ಬಂದೆ. ಐವತ್ತು ದಾಟಿದ ಗಂಡಸು ಒಂದು ರೊಟ್ಟಿಗಾಗಿ ಜೀಪಿನಲ್ಲಿ ಕೂತು ಕಣ್ಣು ಒರೆಸಿಕೊಂಡ ಎಂದರೆ ನಗುತ್ತೀರಿ. ನಗಿರಿ, ಪರವಾಗಿಲ್ಲ.

ಮಧ್ಯಾಹ್ನವೇ ವರದಿ ಬರೆದೆ. ಎಪ್ಪತ್ತು ದಾಟಿದ ಆಶ್ರಮವಾಸಿಗಳನ್ನು ಉರಿಯುವ ಒಲೆಯ ಮುಂದೆ ಕೂರಿಸಿ ಅಡುಗೆ ಮಾಡಿಸಲಾಗುತ್ತಿದೆ, ಇದು ನಿಯಮಕ್ಕೆ ವಿರುದ್ಧ, ಪ್ರಾಣಕ್ಕೆ ಅಪಾಯ, ವಾರ್ಡನ್ ಮೇಲೆ ಕ್ರಮ ಜರುಗಿಸಬೇಕು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಪಿನ್ನಿನ ಮಾತು ಬರೆಯಲಿಲ್ಲ. ಬಕೆಟ್, ಗೋಣಿಚೀಲ ಬರೆಯಲಿಲ್ಲ. ಅವಳ ಕೆಲಸ ಹೋಗಲಿ ಎಂದು ಬಯಸಿದ್ದೆಯಾ ಎಂದು ಕೇಳಿದರೆ, ಹೌದು, ಬಯಸಿದ್ದೆ.

ವರದಿಯ ಪ್ರತಿ ತೆಗೆದುಕೊಳ್ಳಲು ಅವಳೇ ಕಚೇರಿಗೆ ಬಂದಳು. ನನ್ನ ಮೇಜಿನ ಮುಂದೆ ನಿಂತು ಪೂರ್ತಿ ಓದಿದಳು. ಕೆಳಗಿನ ನನ್ನ ಸಹಿಯ ಮೇಲೆ ಸ್ವಲ್ಪ ಹೊತ್ತು ಕಣ್ಣು ನಿಂತಿತು. “ಪಿನ್ನು ಹಾಕಿದ್ನಲ್ಲ ಸಾರ್...” ಅಂದಳು. ನಾನು ಬೇರೆ ಫೈಲು ತಿರುವುತ್ತಿದ್ದೆ. ತಲುಪಿದ್ದಕ್ಕೆ ರುಜು ಹಾಕಿ, ಕಾಲೆಳೆಯುತ್ತಾ ಹೋದಳು. ಹದಿನೈದು ದಿನದೊಳಗೆ ಆಶ್ರಮದ ಕಮಿಟಿಯವರು ಅವಳನ್ನು ತೆಗೆದುಹಾಕಿದರು.

ಅಡುಗೆಮನೆಗೆ ಬೀಗ ಬಿತ್ತು. ಹೊರಗಿನಿಂದ ಡಬ್ಬಿಗಳಲ್ಲಿ ಅನ್ನ ಸಾರು ಬರತೊಡಗಿತು. ನಾನು ಆ ಭಾನುವಾರ ಹೆಚ್ಚೇ ಹುರುಪಿನಿಂದ ಹೋದೆ. ಅತ್ತೆ ಈಗ ಪೂರ್ತಿ ನನ್ನವಳು ಅಂದುಕೊಂಡಿದ್ದೆ. ಅವಳು ಮಂಚದ ತುದಿಯಲ್ಲಿ ಕೂತಿದ್ದಳು. ಎರಡೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

“ಆಕಿ ಏನು ಕಳುವು ಮಾಡ್ಯಾಳ?” ಎಂದು ಕೇಳಿದಳು.

ಕಳುವಿನ ಮಾತು ಎಲ್ಲಿಂದ ಬಂತೆಂದು ನನಗೆ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು. ಆಶ್ರಮದಲ್ಲಿ ಎಲ್ಲರೂ ‘ತನಿಖೀ ಆಯಿತು’ ಅನ್ನುತ್ತಿದ್ದರು. ನಾವು ಈಚೆ ದಂಡೆಯವರು ತೆಲುಗಿನ ಮಾತೇ ಬಳಸುತ್ತೇವೆ, ನಮಗೆ ತನಿಖೀ ಅಂದರೆ ಬರೀ ಪರಿಶೀಲನೆ. ಅತ್ತೆ ಆಚೆ ದಂಡೆಯವಳು. ಅವಳ ಕಿವಿಗೆ ಅದು ಕನ್ನಡದ ತನಿಖೆ, ಪೊಲೀಸರು ಕಳ್ಳರ ಮೇಲೆ ಮಾಡುವಂಥದ್ದು. ವಾರ್ಡನಮ್ಮ ಹೋದಾಗಿನಿಂದ ಸಿಕ್ಕಸಿಕ್ಕವರನ್ನು ಹಿಡಿದು, ಆಕಿ ಒಂದು ಕಡ್ಡಿ ಸೈತ ಮುಟ್ಟಿದಾಕಿ ಅಲ್ಲ ಎಂದು ಆಣೆ ಹಾಕುತ್ತಿದ್ದಳಂತೆ.

“ಕಳುವಲ್ಲ ಅತ್ತಿ,” ಅಂದೆ. “ಈ ಕಡಿ ತನಿಖೀ ಅಂದ್ರ ಸುಮ್ನ ನೋಡಿ ಹೋಗೋದು, ಅಷ್ಟ.”

“ಸುಮ್ನ ನೋಡಿ ಹೋಗಿದ್ರ ಆಕಿ ಯಾಕ ಹೋಗ್ಬೇಕಾಗಿತ್ತು?”

ನೋಡಲು ಬಂದವನು ನಾನೇ ಎಂದು ಅತ್ತೆಗೆ ಹೊಳೆದಿರಲಿಲ್ಲ. ಅವಳ ಲೆಕ್ಕದಲ್ಲಿ ನಾನು ಅಂದು ಬಂದದ್ದು ಅವಳನ್ನು ಮಾತಾಡಿಸಲು. ನಾನು ಹಾಸಿಗೆ ಮೂಸಿದ್ದನ್ನು ಕಂಡವರೂ ಅವಳಿಗೆ ಹೇಳಿರಲಿಲ್ಲ. “ಯಾವನು ಬರದಾನ ಅನ್ನೂದು ನನಗ ಗೊತ್ತೈತಿ,” ಅಂದಳು. ನಾನು ಕಾಲಿನಿಂದಲೇ ಚಪ್ಪಲಿ ಹುಡುಕತೊಡಗಿದೆ.

“ಹೈದರಾಬಾದಿನಿಂದ ಯಾವನೋ ಸಾಹೇಬ ಬಂದಿದ್ನಂತ, ಅವ. ಹೋಗೂ ಮುಂದ ವಾರ್ಡನಮ್ಮ ಹೇಳಿ ಹೋದ್ಲು. ‘ನಿಮ್ಮ ಹುಡುಗ ನನ್ನ ಸಲುವಾಗಿ ಭಾಳ ಹೊಡದಾಡಿದ್ರಮ್ಮಾ, ಅವರ ಕೈಲೆ ಆಗಲಿಲ್ಲ’ ಅಂದ್ಲು.” ಅತ್ತೆ ನನ್ನ ಕೆನ್ನೆ ಸವರಿದಳು. ಪಕ್ಕದ ಮಂಚದ ಅಜ್ಜಿಗೆ ಕೂಗಿ ಹೇಳಿದಳು: “ಇವನ ನೋಡವ್ವಾ, ನಮ್ಮ ಹುಡುಗ. ವಾರ್ಡನಮ್ಮನ ಸಲುವಾಗಿ ಸಾಹೇಬರ ಕೂಡ ಹೊಡದಾಡಿದಾವ.”

ನಾನು ಅಲ್ಲ ಅನ್ನಲಿಲ್ಲ. ತಲೆ ತಗ್ಗಿಸಿ ಕೂತೆ. ಅದನ್ನೂ ಅವರು ವಿನಯ ಅಂದುಕೊಂಡರು.

ಅತ್ತೆಗೆ ಆ ಅನ್ನ ಹತ್ತಲಿಲ್ಲ. ನನ್ನ ಮನೆಗೆ ಬಾ ಎಂದು ಆಗ ಕರೆದೆ, ಕೈಮುಗಿದು ಕರೆದೆ. ಬರಲಿಲ್ಲ. ವಾರ್ಡನಮ್ಮ ತಿರುಗಿ ಬಂದರೆ ತಾನು ಇಲ್ಲಿರಬೇಕು ಎಂದಳು. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ನನ್ನ ಕೈ ಹಿಡಿದುಕೊಂಡೇ ತೀರಿಹೋದಳು.

ವಾರ್ಡನಮ್ಮ ಶಾಂತಿನಗರದಲ್ಲಿ ತಂಗಿಯ ಮನೆಯಲ್ಲಿದ್ದಾಳೆ ಎಂದು ಯಾರೋ ಹೇಳಿದ್ದರು. ಹೋಗಬೇಕು, ಹೋಗಬೇಕು ಅಂದುಕೊಳ್ಳುತ್ತಲೇ ರಿಟೈರಾದೆ. ಏನೆಂದು ಹೋಗಲಿ? ತಪ್ಪಾಯಿತು ಎಂದು ಹೇಳುವುದಕ್ಕಿಂತ, ಅತ್ತೆಗೆ ಆ ಸುಳ್ಳು ಯಾಕೆ ಹೇಳಿದೆ ಎಂದು ಅವಳೊಡನೆ ಜಗಳ ತೆಗೆಯುವ ಆಸೆಯೇ ನನಗೆ ಹೆಚ್ಚಾಗಿತ್ತು. ಹೋದ ತಿಂಗಳು ಆ ಆಸ್ಪತ್ರೆಯಿಂದ ಹೊರಗೆ ಬಂದವನು ಊರಿನ ಬಸ್ಸು ಹತ್ತದೆ ಶಾಂತಿನಗರದ ಬಸ್ಸು ಹತ್ತಿದೆ. ತಂಗಿ ಬಾಗಿಲಿಗೆ ಬಂದಳು, ಅಕ್ಕ ತೀರಿ ಎರಡು ವರ್ಷವಾಯಿತು ಅಂದಳು. ನೀವು ಯಾರು ಎಂದು ಕೇಳಿದಳು. ಆಶ್ರಮದಲ್ಲಿ ರೊಟ್ಟಿ ಮಾಡುತ್ತಿದ್ದ ಅಮ್ಮನ ಹುಡುಗ ಅಂದೆ. ಅವಳ ಮುಖ ಅರಳಿತು. “ನೀವೇನಾ ಸಾರ್! ಅಕ್ಕ ಹೇಳ್ತಿದ್ದಳು, ನೀವು ಭಾಳ ಒಳ್ಳೇವ್ರಂತ,” ಎಂದು ಕುರ್ಚಿ ಎಳೆದು ಹಾಕಿದಳು.

ಕೂರಲಿಲ್ಲ, ಬಂದುಬಿಟ್ಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊಟ್ಟೆ ಉರಿಯುತ್ತಿತ್ತು. ಈಗ ಅತ್ತೆಯೂ ಇಲ್ಲ, ಅವಳೂ ಇಲ್ಲ, ಮತ್ಸರಪಡಲು ಎದುರಿಗೆ ಯಾರೂ ಉಳಿದಿಲ್ಲ. ಅತ್ತೆ ಕೊನೆಯವರೆಗೂ ನನ್ನನ್ನು ನಂಬಿಯೇ ಇದ್ದಳು. ಅದೂ, ವಾರ್ಡನಮ್ಮ ಹೇಳಿದಳೆಂದು.