ಬೆಂಕಿರೋಗ ಕಾಣದ ಹೊಲ

ಎರಡು ಸಾವಿರದ ದಶಕದ ಆರಂಭದಲ್ಲಿ ನಾನು ಹಾಸನದ ಒಂದು ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ಎಲೆಗೆ ಚುಕ್ಕೆ ಬೀಳಿಸಿ ತೆನೆ ಒಣಗಿಸುವ ರಾಗಿಯ ಬೆಂಕಿರೋಗವನ್ನು ತಡೆಯುವ ಗುಣ ಗಿಡದ ಡಿಎನ್‌ಎಯಲ್ಲಿ ಎಲ್ಲಿದೆ ಎಂದು ಹುಡುಕುವುದು ನಮ್ಮ ಕೆಲಸ. ರೋಗ ತಡೆಯುವ ತಳಿಯನ್ನೂ ತಡೆಯದ ತಳಿಯನ್ನೂ ಕೂಡಿಸಿ ಪಡೆದ ಪೀಳಿಗೆಯನ್ನು ಮಲ್ಲಿಪಟ್ಟಣದ ಒಂದು ಹೊಲದಲ್ಲಿ ನೆಟ್ಟು, ಗಿಡಕ್ಕೊಂದು ನಂಬರಿನ ಕಡ್ಡಿ ಊರಿದ್ದೆವು. ಪ್ರತಿ ಗಿಡದ ಎಲೆ ಚಿವುಟಿ ತಂದು, ಡಿಎನ್‌ಎ ತೆಗೆದು, ಜೆಲ್ ಎಂಬ ಲೋಳೆಪದರದ ಮೇಲೆ ಮೂಡಿದ ಪಟ್ಟೆಗಳನ್ನು ಬರೆದುಕೊಂಡಿದ್ದೆ. ಯಾವ ಗಿಡಕ್ಕೆ ರೋಗ ಬಂತು ಎಂದು ನೋಡುವುದಷ್ಟೇ ಉಳಿದಿತ್ತು. ರೋಗದ ಗಿಡಗಳಲ್ಲೆಲ್ಲ ಒಂದೇ ಪಟ್ಟೆ ತಪ್ಪದೆ ಕಂಡು, ಉಳಿದವುಗಳಲ್ಲಿ ಕಾಣದಿದ್ದರೆ ಅದೇ ಗುರುತು; ಆಮೇಲೆ ರೋಗಕ್ಕೆ ಕಾಯದೆ ಸಸಿಯಲ್ಲೇ ಒಳ್ಳೆಯದನ್ನು ಆರಿಸಬಹುದು.

ಹೊಲದ ಒಡತಿ ನನ್ನ ತಾಯಿಯ ವಯಸ್ಸಿನವರು. ಹಿಂದಿನ ವರ್ಷ ಅವರ ರಾಗಿ ಬೆಂಕಿರೋಗಕ್ಕೆ ಹೋಗಿತ್ತು. ತಡೆಯುವ ಬೀಜ ಸಿಕ್ಕರೆ ಮೊದಲು ನಿಮಗೇ ಎಂದು ನಮ್ಮ ಮೇಲಧಿಕಾರಿ ಹೇಳಿದ್ದರು. ಆ ಮಾತಿನ ಮೇಲೆಯೇ ಅವರು ಹೊಲ ಬಿಟ್ಟುಕೊಟ್ಟದ್ದು.

ಮೇಲಧಿಕಾರಿ ನೋಡಲು ಬರುವ ಗುರುವಾರ ನಾನು ಮುಂಚೆಯೇ ಅರಕಲಗೂಡಿನ ಬಸ್ಸು ಹಿಡಿದು ಹೋದೆ. ಹಿಂದಿನ ಸಲ ಬಂದಾಗ ಗಿಡಗಳಲ್ಲಿ ಆಗಷ್ಟೇ ಚುಕ್ಕೆ ಮೂಡತೊಡಗಿತ್ತು; ಈಗ ಹೊಲ ಒಂದು ಚುಕ್ಕೆಯಿಲ್ಲದೆ ಹಸಿರಾಗಿ ನಿಂತಿತ್ತು.

"ರೋಗ ಬಂದಿದ್ದ ಗಿಡಗಳು ಎಲ್ಲಿ, ಅಮ್ಮ?"

"ನೀವು ಬಂದೋದಾವತ್ತೇ ಕಿತ್ತಾಕ್ದೆ ಸಾ. ದೊಡ್ಡೋರು ಬತ್ತಾರೆ ಅಂದಿದ್ರಲ್ಲ. ನೆಂಟ್ರು ಬರೋವಾಗ ಬಾಗ್ಲಲ್ಲಿ ಕಸ ಬುಟ್ಕಂಡು ಕೂತ್ಕತಾರಾ? ಸಂದಿಗೆಲ್ಲ ನಮ್ ಪೈರೇ ನೆಟ್ಟಿವ್ನಿ. ಮಳೆ ಬಂತು, ಕಚ್ಕಂತು."

ಬದುವಿನ ಮೇಲೆ ಕುಳಿತಿದ್ದ ಅವರ ಯಜಮಾನರು ನಕ್ಕರು. "ಮದ್ವೆ ಗಂಡಿನ ತಲೆ ಬಾಚ್ದಂಗೆ ಬಾಚವ್ಳೆ ಒಲಾನ. ನಂಗೆ ಒತ್ತಿಗೆ ಸರ್ಯಾಗಿ ಮುದ್ದೆ ಇಕ್ಕಿಲ್ಲ ಸಾ."

ಕಿತ್ತದ್ದರಲ್ಲಿ ರೋಗದ್ದೆಷ್ಟು ಎಂದು ಕೇಳಿದೆ. ಚುಕ್ಕೆ ಬಿದ್ದವು, ಸೊರಗಿದವು, ಹುಳ ತಿಂದವು ಎಲ್ಲವನ್ನೂ ಕಿತ್ತು ಹಸುವಿಗೆ ಹಾಕಿದ್ದರು. ಯಾವ ಕಡ್ಡಿಯ ಗಿಡ ಯಾವುದಕ್ಕೆ ಹೋಯಿತೆಂದು ಇನ್ನು ತಿಳಿಯುವಂತಿರಲಿಲ್ಲ. ನನ್ನ ಮುಖ ನೋಡಿ ಒಡತಿಯ ದನಿ ಇಳಿಯಿತು.

"ಕಡ್ಡಿ ಮುಟ್ಬ್ಯಾಡಿ ಅಂದಿದ್ರಿ, ಮುಟ್ಟಿಲ್ಲ. ರೋಗುದ್ದೂ ಮುಟ್ಬ್ಯಾಡಿ ಅಂದಿದ್ರೆ ಅದ್ನೂ ಬುಡ್ತಿದ್ನಲ್ಲ ಸಾ."

ರೋಗದ ಗಿಡವನ್ನು ಯಾರಾದರೂ ಬೇಕೆಂದು ಉಳಿಸಿಕೊಳ್ಳುತ್ತಾರೆಂದು ಅವರಿಗೆ ಹೊಳೆಯುವುದಾದರೂ ಹೇಗೆ? ಮೇಲಧಿಕಾರಿ ಬಂದರು, ಸಾಲುಗಳ ನಡುವೆ ನಡೆದರು, ಒಡತಿಯನ್ನು ದೂರಲಿಲ್ಲ. ಆ ಸಂಜೆ ದಿನಚರಿಯಲ್ಲಿ ತಾರೀಖು ಬರೆದೆ. ರೋಗದ ಗಿಡಗಳ ಎಣಿಕೆಯ ಜಾಗ ಖಾಲಿ ಬಿಟ್ಟೆ. ಮತ್ತೊಂದು ಹಂಗಾಮಿಗೆ ಯೋಜನೆಯ ಅವಧಿ ಇರಲಿಲ್ಲ.

ಕೊಯ್ಲಾದ ಮೇಲೆ ಕೊನೆಯ ಸಲ ಹೋದಾಗ ಅವರು ನಡುಮನೆಯ ಒಂದು ಚೀಲ ತೋರಿಸಿದರು. "ಇದು ಬಿತ್ನೆಗೆ ಎತ್ತಿಕ್ಕಿವ್ನಿ. ಆಮ್ಯಾಕೆ ಒಂದ್ ಚುಕ್ಕೆನೂ ಬರ್ಲಿಲ್ಲ ನೋಡಿ."

ಹೇಳದೆ ಬರುವ ಹಾಗಿರಲಿಲ್ಲ. "ಅದರಲ್ಲಿ ಬಹುಪಾಲು ನಿಮ್ಮ ರಾಗಿಯೇ ಅಮ್ಮ. ಉಳಿದದ್ದು ಎಂಥದ್ದು ಅಂತ ನಮಗೂ ಗೊತ್ತಾಗಲಿಲ್ಲ."

"ಅಂಗಾರೆ ರೋಗ ಬತ್ತದಾ?"

"ಬರಬಹುದು."

ಅವರು ಚೀಲದ ಬಾಯಿ ಬಿಚ್ಚಿ, ಮೊರಕ್ಕೆ ರಾಗಿ ಸುರಿದುಕೊಂಡು, ಹಿಟ್ಟಿಗೆ ಹಸನು ಮಾಡತೊಡಗಿದರು.