ಅಕ್ಕನ ಕೊಳ, ಮಾವನ ಮೋಟರು

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಅದರಲ್ಲೂ ಅಕ್ಕನ ಮನೆಯಲ್ಲಿ, ಭಾನುವಾರ ಊಟವಾದ ಮೇಲೆ, ಕರೆಂಟು ಯಾವಾಗ ಹೋದೀತೆಂದು ಎಲ್ಲರೂ ಫ್ಯಾನು ನೋಡುತ್ತ ಕೂರುವುದಿತ್ತಲ್ಲ, ಅದು ನನಗೆ ಕೆಂಡದ ಮೇಲೆ ಕೂತಷ್ಟೇ ಕಷ್ಟ. ಲೋಕವೆಲ್ಲ ಕರೆಂಟು ಬರಲಿ ಎಂದು ಬೇಡಿಕೊಂಡರೆ ನಾವು ಹೋಗಲಿ ಎಂದು ಬೇಡುತ್ತಿದ್ದೆವು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ.

ಕಾರಣ ಅಕ್ಕನ ಮೊಣಕಾಲು. ಎರಡೂ ಸವೆದು ಹೋಗಿವೆ. ನೀರಿನಲ್ಲಿ ನಡೆಯಿರಿ, ಈಜಿರಿ ಎಂದು ಡಾಕ್ಟರು ಹೇಳಿದ್ದೇ ತಡ, ಅಕ್ಕನ ಗಂಡ ಕುಷಾಯಿಗೂಡದಾಚೆಯ ತಮ್ಮ ಮನೆಯ ಹಿತ್ತಲಲ್ಲಿ ಕೊಳವನ್ನೇ ತೋಡಿಸಿಬಿಟ್ಟರು. ಅವರನ್ನು ನಾವು ಮಾವ ಎನ್ನುತ್ತೇವೆ. ವಿಜಯಪುರದ ಕಡೆಯಿಂದ ಬಂದು ಹೈದರಾಬಾದಿನಲ್ಲೇ ತಲೆ ನರೆತ ಮನುಷ್ಯ. ಹೆಂಡತಿ ಎಂದರೆ ಜೀವ, ತಮ್ಮ ಕೈಚಳಕವೆಂದರೆ ಅದಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚು. ನೀರು ಪಾಚಿಗಟ್ಟಬಾರದೆಂದು ಕೊಳದ ತಳಕ್ಕೆ ಒಂದು ಮೋಟರು ಇಳಿಸಿ, ತಾವೇ ವೈರು ಎಳೆದು, ನೀರು ಜಲ್ಲಿಕಲ್ಲಿನ ತೊಟ್ಟಿಯನ್ನು ಹಾಯ್ದು ಮತ್ತೆ ಕೊಳಕ್ಕೆ ಬೀಳುವಂತೆ ಮಾಡಿದ್ದರು.

ಮೊದಲ ಬೇಸಿಗೆಯಲ್ಲೇ ಅಕ್ಕ ನೀರಿಗಿಳಿದವಳು ಕೈ ಜುಮ್ಮೆನ್ನುತ್ತದೆ ಎಂದಳು. ಮಾವ ದಡದಲ್ಲಿ ಕುಕ್ಕುರುಗಾಲಲ್ಲಿ ಕೂತು, ಬೆರಳು ಅದ್ದಿ ನೋಡಿ, ಏನೂ ಇಲ್ಲ ಎಂದರು. ಕಾಲಲ್ಲಿ ರಬ್ಬರ್ ಚಪ್ಪಲಿ! ಒಣ ಕಲ್ಲಿನ ಮೇಲೆ ರಬ್ಬರ್ ಚಪ್ಪಲಿ ಮೆಟ್ಟಿ ಕೂತವರಿಗೆ ಏನು ಗೊತ್ತಾಗಬೇಕು, ಮಣ್ಣಂಗಟ್ಟಿ? ಆದರೆ ಅಂದು ಯಾರಿಗೂ ಅದು ಹೊಳೆಯಲಿಲ್ಲ. ಮೊಣಕಾಲಿನ ನರದ ತೊಂದರೆ ಕೈಗೂ ಹತ್ತಿದೆ ಎಂದು ತೀರ್ಮಾನವಾಯಿತು.

ಅಕ್ಕ ಒಪ್ಪಲಿಲ್ಲ, ಮೋಟರಿನ ಕರೆಂಟೇ ನೀರಿಗೆ ಬರುತ್ತಿದೆ ಎಂದಳು. ಸ್ವಿಚ್ಚು ಆರಿಸಿ ಇಳಿ ಎಂದರೆ ಅದನ್ನೂ ನಂಬಲಿಲ್ಲ, ಯಾಕೆಂದರೆ ಮಾವ ಒಮ್ಮೆ ಮರೆತು ಹಾಕಿಯೇಬಿಟ್ಟಿದ್ದರು. ಬೀದಿಗೆ ಬೀದಿಯೇ ಕರೆಂಟಿಲ್ಲದಾಗ ಮಾತ್ರ ನೀರಿಗಿಳಿಯುವುದೆಂದು ತಾನೇ ಕಟ್ಟಳೆ ಮಾಡಿಕೊಂಡಳು. ಫ್ಯಾನು ನಿಂತ ಕೂಡಲೇ ಗೋಡೆಯಾಚೆಯ ತೆಲುಗು ಅಮ್ಮ "ಕರೆಂಟ್ ಪೋಯಿಂದಾ?" ಎಂದು ಕೂಗಿ ಕೇಳುವರು, ತಮ್ಮ ಮನೆಯದಷ್ಟೇ ಹೋಯಿತೋ ಎಲ್ಲರದೂ ಹೋಯಿತೋ ಎಂದು ತಿಳಿಯಲು. ನಮ್ಮದೂ ಹೋಗಿದೆ ಎಂದು ಹೇಳಿ ಅಕ್ಕ ಕೊಳಕ್ಕಿಳಿಯುವಳು. ಕರೆಂಟು ಬಂದಾಗ ಅವರೇ "ವಚ್ಚಿಂದಿ" ಎಂದು ಕೂಗುವರು. ಬಂದರೂ ಭಯವಿರಲಿಲ್ಲ. ಒಮ್ಮೆ ಕರೆಂಟು ಹೋಯಿತೆಂದರೆ, ಯಾರಾದರೂ ಹಿತ್ತಲಿನ ಶೆಡ್ಡಿಗೆ ಹೋಗಿ ಸ್ಟಾರ್ಟರಿನ ಹಸಿರು ಗುಂಡಿ ಒತ್ತುವವರೆಗೂ ಮೋಟರು ಏಳುತ್ತಿರಲಿಲ್ಲ. ಅಷ್ಟರಲ್ಲಿ ಅಕ್ಕ ಮೇಲೆ ಬಂದಿರುತ್ತಿದ್ದಳು. ಆದರೆ ಈಗೀಗ ಕರೆಂಟು ಹೋಗುವುದೇ ಅಪರೂಪ. ಹೋಗದ ವಾರ ಅಕ್ಕ ಮನೆಯಲ್ಲಿ ಗೋಡೆ ಹಿಡಿದುಕೊಂಡೇ ನಡೆಯುತ್ತಿದ್ದಳು.

ಈ ಬೇಸಿಗೆಯ ಒಂದು ಭಾನುವಾರ ನಾನು ಕೂಕಟ್‌ಪಲ್ಲಿಯಿಂದ ಬಸ್ಸು ಬದಲಿಸಿಕೊಂಡು ಬರುವಷ್ಟರಲ್ಲಿ ಮಾವ ಭಾರಿ ಹುರುಪಿನಲ್ಲಿದ್ದರು. ಶೆಡ್ಡಿನಲ್ಲಿ ಹೊಸ ಡಬ್ಬಿಯೊಂದನ್ನು ಕೂರಿಸಿದ್ದರಂತೆ. ಕರೆಂಟು ಬಂದರೆ ಸ್ವಲ್ಪ ತಡೆದು ಮೋಟರನ್ನು ಅದೇ ಎಬ್ಬಿಸುತ್ತದೆ, ಎದ್ದು ಹೋಗಿ ಗುಂಡಿ ಒತ್ತುವ ತಾಪತ್ರಯವೇ ಇಲ್ಲ, ಹೊಲದ ಮೋಟರುಗಳಿಗೆ ಹಾಕುವುದೂ ಇದನ್ನೇ ಎಂದು ಬದನೆಕಾಯಿ ಪಲ್ಯ ಬಡಿಸಿಕೊಳ್ಳುತ್ತ ಹೇಳಿದರು. ಅಕ್ಕ ಹೂಂ ಎಂದಳು. ನಾನು ರೊಟ್ಟಿ ಮುರಿಯುತ್ತಿದ್ದೆ.

ಊಟವಾಗಿ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಗೋಡೆಯಾಚೆಯಿಂದ ಪ್ರಶ್ನೆ ಬಂತು. ಅಕ್ಕ ಉತ್ತರ ಕೊಟ್ಟು ಹಳೆಯ ನೈಟಿಯಲ್ಲಿ ನೀರಿಗಿಳಿದಳು. ಮಾವ ಒಳಗೆ ಅಡ್ಡಾಗಿದ್ದರು. ನಾನು ಕೊಳದ ಸುತ್ತ ತಿರುಗುತ್ತಿದ್ದೆ. ಏನೋ ಕೊರೆಯುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಬರುವಾಗ ಗ್ಯಾಸು ಆರಿಸಿದ್ದೆನೋ ಇಲ್ಲವೋ? ಬಾಗಿಲು? ಒಂದು ಕಡೆ ನಿಂತುಕೋ, ನಿನ್ನನ್ನು ನೋಡಿದರೆ ತಲೆ ತಿರುಗುತ್ತದೆ ಎಂದು ಅಕ್ಕ ನೀರಿನಿಂದಲೇ ಬೈದಳು. ಎದೆಮಟ್ಟದ ನೀರಿನಲ್ಲಿ ಅವಳು ಏನನ್ನೂ ಹಿಡಿಯದೆ, ಕೈ ಬೀಸುತ್ತ, ನೆಟ್ಟಗೆ ನಡೆಯುತ್ತಿದ್ದಳು.

"ವಚ್ಚಿಂದಿ" ಎಂದಿತು ಗೋಡೆಯಾಚೆಯ ದನಿ.

ಡಬ್ಬಿ! ಮೇಲೆ ಬಾ ಎಂದು ಚೀರಿದೆ. ಅಕ್ಕ ಕೊಳದ ನಟ್ಟನಡುವೆ ಇದ್ದಳು, ಆ ಮೊಣಕಾಲಿನಲ್ಲಿ ಮೆಟ್ಟಿಲು ಹತ್ತುವುದೆಂದರೆ ಅವಳಿಗೆ ಒಂದು ಯುಗ. ಶೆಡ್ಡಿಗೆ ಓಡಿದೆ. ಪುಣ್ಯಕ್ಕೆ ಕಾಲಲ್ಲಿ ಚಪ್ಪಲಿ ಇತ್ತು, ಅಲ್ಲಿನ ನೆಲ ಒಣಗಿತ್ತು. ಡಬ್ಬಿಯ ಮೇಲೆ ಕೆಂಪು ದೀಪ ಮಿಣುಕುತ್ತಿತ್ತು. ಮೇನ್ ಸ್ವಿಚ್ಚಿನ ಹಿಡಿಕೆಗೆ ಕೈ ಹಾಕುವಷ್ಟರಲ್ಲಿ ಮೋಟರು ಗುರ್ರೆಂದಿತು, ಹಿಂದೆಯೇ ಅಕ್ಕ ಕೂಗಿಕೊಂಡಳು. ಹಿಡಿಕೆಯನ್ನು ಕೆಳಗೆಳೆದೆ. ಗುರ್ರೆನ್ನುವುದು ನಿಂತಿತು.

ಓಡಿ ಬಂದರೆ ಅಕ್ಕ ಮುಳುಗಿರಲಿಲ್ಲ. ಬಾಯಿ ತೆರೆದು, ಕೈಗಳನ್ನು ನೀರಿನಿಂದ ಮೇಲೆತ್ತಿ ನಿಂತಿದ್ದಳು. ಕೂಗು ಕೇಳಿ ಎದ್ದು ಬಂದ ಮಾವ, ನಾನು ಸೇರಿ ಅವಳನ್ನು ಎಳೆದು ಮೆಟ್ಟಿಲ ಮೇಲೆ ಕೂರಿಸಿದೆವು.

ಆಮೇಲೆ ನನ್ನ ಬಾಯಿಗೆ ತಡೆಯಿರಲಿಲ್ಲ. ನಾಳೆಯೇ ಈ ಕೊಳಕ್ಕೆ ಮಣ್ಣು ತುಂಬಿಸಿ ಎಂದು ಮಾವನ ಮೇಲೆ ಹರಿಹಾಯ್ದೆ. ಮಾವನ ಮುಖದಲ್ಲಿ ರಕ್ತವೇ ಇರಲಿಲ್ಲ. ಇನ್ನು ಮೇಲೆ ನೀರಿಗಿಳಿಯುವುದೇ ಬೇಡ ಎಂದು ಹೆಂಡತಿಗೆ ಹೇಳಿದರು. ಟವೆಲು ಸುತ್ತಿಕೊಂಡಿದ್ದ ಅಕ್ಕ ನಮ್ಮಿಬ್ಬರನ್ನೂ ಒಂದು ಸಲ ನೋಡಿದಳು.

"ಎಲ್ಲಾರೂ ನನಗ ಇಳೀಬ್ಯಾಡ ಅಂತೀರಿ," ಎಂದಳು. "ಆ ಮೋಟರಿಗೆ ಒಬ್ಬರರೆ ಇಳೀಬ್ಯಾಡ ಅಂದೀರೇನು? ನೀರಾಗ ಇದ್ದಾಗಷ್ಟ ನನ್ನ ಕಾಲು ನನ್ನ ಮಾತು ಕೇಳತಾವ."

ಮಾವ ಎದ್ದು ಹೋಗಿ, ಹಗ್ಗ ಹಿಡಿದು ಮೋಟರನ್ನು ಮೇಲೆಳೆದರು. ಅವರೇ ಟೇಪು ಸುತ್ತಿದ್ದ ವೈರಿನ ಜೋಡಣೆ ಬಾಯಿ ಬಿಟ್ಟಿತ್ತು. ಅರ್ಥಿಂಗ್ ತಂತಿಯನ್ನಂತೂ ಎಲ್ಲಿಗೂ ಸೇರಿಸಿಯೇ ಇರಲಿಲ್ಲ. ಮರುದಿನ ಎಲೆಕ್ಟ್ರಿಷಿಯನ್‌ನನ್ನು ಕರೆಸಿದರು. ಈಗ ಹೊಸ ಮೋಟರು ಕೊಳದಿಂದ ದೂರ, ಒಣ ಕಟ್ಟೆಯ ಮೇಲಿದೆ. ಅರ್ಥಿಂಗ್ ಆಗಿದೆ, ಕರೆಂಟು ಚೂರು ಸೋರಿದರೂ ತಾನೇ ಬಿದ್ದುಹೋಗುವ ಸ್ವಿಚ್ಚು ಬಂದಿದೆ. ಅಕ್ಕ ಇಳಿಯುವ ಮೊದಲು ಮೋಟರಿನ ಮೇನ್ ಸ್ವಿಚ್ಚು ಇಳಿಸಿ ಬೀಗ ಹಾಕುತ್ತಾರೆ, ಕೀಲಿ ಅಕ್ಕನ ಕೊರಳ ದಾರದಲ್ಲಿರುತ್ತದೆ.

ಮೊನ್ನೆ ಹೋದಾಗ ಮನೆಯೊಳಗೆ ಫ್ಯಾನು ತಿರುಗುತ್ತಿತ್ತು, ಅಕ್ಕ ನೀರಿನಲ್ಲಿದ್ದಳು. ಪಕ್ಕದ ಮನೆಯಲ್ಲಷ್ಟೇ ಫ್ಯೂಸು ಹೋಗಿತ್ತೇನೋ, ಗೋಡೆಯಾಚೆಯಿಂದ ಕರೆಂಟು ಹೋಯಿತಾ ಎಂದು ಕೂಗು ಬಂತು. ನಾನು ಶೆಡ್ಡಿನ ಕಡೆಗೆ ಎರಡು ಹೆಜ್ಜೆ ಓಡಿಯೇಬಿಟ್ಟೆ. ಅಕ್ಕ ನಡಿಗೆ ನಿಲ್ಲಿಸದೆ, ಕೊರಳಿನ ಕೀಲಿ ಮುಟ್ಟಿಕೊಂಡು, "ಲೇದಮ್ಮಾ, ಉಂದಿ" ಎಂದಳು. ಇಲ್ಲಮ್ಮಾ, ಇದೆ.