ಮಂಜಿನ ಹಿಂದಿನ ಬೆಟ್ಟ ತೋರಿಸುವ ಅಕ್ಕ

ಬೆಳಕು ಆಗಷ್ಟೇ ಹರಿಯುತ್ತಿದೆ. ವ್ಯೂ ಪಾಯಿಂಟಿನ ಕಬ್ಬಿಣದ ಕಂಬಿಯ ಮೇಲೆ ಒಂದು ಅಂಗೈ ಮೆಲ್ಲಗೆ ಸರಿದು ಬರುತ್ತಿದೆ. ಮೊದಲು ಕೈ ಕಾಣುತ್ತದೆ, ಆಮೇಲೆ ಕಂದು ಸ್ವೆಟರಿನ ತೋಳು, ಕೊನೆಗೆ ಅಕ್ಕ. ಮಂಜು ಅಷ್ಟು ದಟ್ಟ. ಕಂಬಿ ಒರೆಸುತ್ತಿದ್ದಾರೇನೋ ಎಂದು ಪತ್ರಿಕೆಗೆ ಬರೆಯಲು ಬಂದ ನಾನು ಅಂದುಕೊಂಡರೆ, ಒದ್ದೆಯಾದ ಅಂಗೈಯನ್ನು ಸ್ವೆಟರಿಗೆ ಉಜ್ಜಿಕೊಂಡು, "ಇವತ್ತು ನಂಗೆ ಕೆಲಸ ಇದೆ" ಎನ್ನುತ್ತಾರೆ.

ವ್ಯಾನೊಂದು ಬಂದು ನಿಲ್ಲುತ್ತದೆ. ರಾತ್ರಿಯಿಡೀ ಪ್ರಯಾಣ ಮಾಡಿದ ಸಂಸಾರ ಕೈಕಾಲು ಝಾಡಿಸಿಕೊಂಡು ಇಳಿಯುತ್ತದೆ. ಯಜಮಾನರು ಕಂಬಿಯ ಬಳಿ ಬಂದವರೇ ಸೊಂಟಕ್ಕೆ ಕೈ ಇಟ್ಟುಕೊಂಡು ಸಿಡುಕುತ್ತಾರೆ: "ಇದನ್ನ ನೋಡೋಕೆ ಇಷ್ಟು ದೂರ ಬಂದ್ವಾ? ನಮ್ಮನೆ ಗೋಡೆಗೂ ಇದೇ ಬಣ್ಣ!"

"ಬನ್ನಿ ಅಣ್ಣಾ, ಗೋಡೆ ಹಿಂದೆ ಏನಿದೆ ಅಂತ ನಾನು ಹೇಳ್ತೀನಿ."

ಅಕ್ಕ ಕೈ ಎತ್ತುತ್ತಾರೆ. ಬೆರಳಿನ ಮುಂದೆ ಬಿಳುಪಲ್ಲದೆ ಬೇರೇನಿಲ್ಲ. "ನನ್ನ ಬೆರಳಿನ ನೇರಕ್ಕೆ ದೊಡ್ಡ ಶಿಖರ. ಮುದುಕ ಕಂಬಳಿ ಹೊದ್ದು ಕೂತ ಹಾಗೆ. ಅದರ ಮೊಣಕಾಲಿನ ತನಕ ಪೈನ್ ಮರ, ಇರುವೆ ಹೋಗೋಕೂ ಸಂದಿಲ್ಲ..." ಯಜಮಾನರು ವಾಚು ನೋಡಿಕೊಳ್ಳುವುದನ್ನು ನಿಲ್ಲಿಸುತ್ತಾರೆ. ಅವರ ತಾಯಿ ಆಗಲೇ ಹೂಂಗುಟ್ಟಲು ಶುರುಮಾಡಿದ್ದಾರೆ. ಅಜ್ಜಿಯ ಪಕ್ಕ ಕಣ್ಣು ಮುಚ್ಚಿ ಮಲಗಿಯೇ ಏಳು ಸಮುದ್ರ ದಾಟಿದವರಿಗೆ ಈ ಸುಖ ಗೊತ್ತು. ಎದುರಿಗೆ ಏನೂ ಇಲ್ಲ, ಆದರೂ ಎಲ್ಲ ಇದೆ.

ಈ ಪುಟ್ಟ ಗಿರಿಧಾಮಕ್ಕೆ ಬರುವವರು ಶಿಖರದ, ಕೆರೆಯ, ಪ್ರತಿಧ್ವನಿ ಬಂಡೆಯ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅಕ್ಕನ ಫೋಟೋ ಯಾರ ಬಳಿಯೂ ಇರಲಾರದು. ಎಲ್ಲರೂ ಅವರನ್ನು ಮಂಜಕ್ಕ ಎನ್ನುತ್ತಾರೆ. ವಯಸ್ಸು ಅರವತ್ತರ ಹತ್ತಿರ. ಗಂಡ ಇಲ್ಲಿ ಗೈಡ್ ಆಗಿದ್ದರು. ಒಂದು ಸಲ ಅವರ ಗಂಟಲು ಕಟ್ಟಿತ್ತು. ಮಂಜು ಕವಿದು, ಬಂದವರು ಬೈದುಕೊಂಡು ಬಸ್ಸು ಹತ್ತುತ್ತಿದ್ದರು. ಟೀ ಫ್ಲಾಸ್ಕ್ ಹಿಡಿದು ನಿಂತಿದ್ದ ಹೆಂಡತಿಯೇ ಬಾಯಿ ಹಾಕಿದರು.

"ಹೆದರಿಕೆಗೆ ಬಡಬಡ ಅಂದೆ ಅಷ್ಟೇ. ಆಮೇಲೆ ಅವರೇ ನಿಯಮ ಮಾಡಿದ್ರು. ಬಿಸಿಲಿದ್ರೆ ಅವರು, ಮಂಜಿದ್ರೆ ನಾನು. ಅವರು ತೀರಿಹೋದ ಮೇಲೂ ಹಾಗೇ ನಡೆಸ್ಕೊಂಡು ಬಂದೆ. ಕಣ್ಣಿಗೆ ಕಾಣೋವಾಗ ನನ್ನ ಬಾಯಿಗೆ ಏನು ಕೆಲಸ ಹೇಳಿ?"

ಬಿಸಿಲಿನ ದಿನ ಅವರು ಕಂಬಿಯ ಪಕ್ಕದಲ್ಲೇ ಇರುವ ಸೊಸೆಯ ಅಂಗಡಿಯಲ್ಲಿ ಕೂರುತ್ತಾರೆ. ಬಾಡಿಗೆಗೆ ಕೊಡುವ ಕೋಟು, ಉಣ್ಣೆ ಟೋಪಿಗಳ ಅಂಗಡಿ ಅದು. ಮಂಜಿನ ತಿಂಗಳುಗಳಲ್ಲಿ ಕತ್ತಲಾಗುವವರೆಗೂ ಮಾತು, ಗಂಟಲಿಗೆ ಬಿಸಿನೀರು.

ವ್ಯಾನಿನವರನ್ನು ಮೆಟ್ಟಿಲು ಇಳಿಸಿ ಕೆರೆಯ ದಂಡೆಗೆ ಕರೆದೊಯ್ಯುತ್ತಾರೆ. ಹಂಸದ ಆಕಾರದ ಬೋಟುಗಳ ಕತ್ತು ಒಮ್ಮೆ ಮೂಡುತ್ತದೆ, ಒಮ್ಮೆ ಕರಗುತ್ತದೆ. ಅಕ್ಕ ಎಡಗಡೆ ತೋರಿಸಿ, "ಅಲ್ಲಿ ಬೋಟು ಹತ್ತೋ ಕಟ್ಟೆ" ಎನ್ನುತ್ತಾರೆ. ಪೆಡಲಿನ ಸದ್ದು ಬಲಗಡೆಯಿಂದ ಬರುತ್ತಿದೆ. ಮಂಜಿನಲ್ಲಿ ಸದ್ದೂ ದಾರಿ ತಪ್ಪುತ್ತದೋ ಏನೋ, ತಿಳಿಯುವುದಿಲ್ಲ. ಹಿಂದೆ ನಿಂತಿದ್ದ ಟ್ಯಾಕ್ಸಿ ಡ್ರೈವರ್ ಮೀಸೆಯಣ್ಣ ಕಿಸಕ್ಕನೆ ನಗುತ್ತಾನೆ.

"ಕಟ್ಟೆ ಕಿತ್ತು ಆ ಕಡೆ ಹಾಕಿ ಯಾವ ಕಾಲ ಆಯ್ತು ಅಕ್ಕಾ!"

"ನಂಗ್ಯಾರು ಹೇಳಿದ್ರು?"

"ಹೇಳೋದೇನು? ನಿಮ್ಮ ಕಣ್ಣೆದುರೇ ಕಿತ್ರಲ್ಲ!"

ಅಕ್ಕ ಎತ್ತಿದ ಕೈ ಇಳಿಸುತ್ತಾರೆ.

ವಿಷಯ ಬಿಡಿಸಿ ಹೇಳಿದ್ದು ಸೊಸೆ, ಅಂಗಡಿಯಲ್ಲಿ ಟೋಪಿಗಳ ಧೂಳು ಕೊಡವುತ್ತಾ. ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಎಂದಿನಿಂದ ಎಂಬುದು ಅಕ್ಕನಿಗೇ ಗೊತ್ತಿಲ್ಲ. ಬೆಳಿಗ್ಗೆ ಕಂಬಿ ಮುಟ್ಟುವುದು ಅದಕ್ಕೇ. ಒದ್ದೆ ಇದ್ದರೆ ಮಂಜು, ಒಣಗಿದ್ದರೆ ಬಿಸಿಲು. ಕಳೆದ ತಿಂಗಳು ರಾತ್ರಿ ಮಳೆ ಸುರಿದು, ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಕಂಬಿ ಮಾತ್ರ ಒದ್ದೆ. ಅಕ್ಕ ಬಂದವರೆದುರು ನಿಂತು, "ಬೇಜಾರು ಮಾಡ್ಕೋಬೇಡಿ, ಈ ಮಂಜಿನ ಹಿಂದೆ ಒಂದು ಶಿಖರ ಇದೆ" ಎಂದು ಶುರುಮಾಡಿದರು. ಶಿಖರ ಬೆಳಗುತ್ತಾ ಎದುರಿಗೇ ನಿಂತಿತ್ತು. ಜನ ತಮಾಷೆ ಎಂದುಕೊಂಡು ಬಿದ್ದು ಬಿದ್ದು ನಕ್ಕರು, ಚಪ್ಪಾಳೆ ಹೊಡೆದರು. ಸೊಸೆ ನಗಲಿಲ್ಲ.

"ಕೆಳಗಿನ ಊರಿನ ಆಸ್ಪತ್ರೇಲಿ ಗುರುವಾರ ಆಪರೇಷನ್. ಹೋದ ಸಲ ಕರ್ಕೊಂಡು ಹೊರಟ್ರೆ, ಚೀಲ ಮರೆತೆ ಅಂತ ಬಸ್ಸಿಂದ ಇಳಿದವರು ಪತ್ತೇನೇ ಇಲ್ಲ. ಇನ್ನೂ ತಡ ಮಾಡಿದ್ರೆ ಕಷ್ಟ ಅಂತ ಡಾಕ್ಟ್ರು ಹೇಳಿದಾರೆ."

"ನಿನ್ನ ಬಾಯಿ ಪತ್ರಿಕೆಗಿಂತ ಜೋರು" ಎಂದು ಅಕ್ಕ ಹೊರಗಿನಿಂದಲೇ ಗದರುತ್ತಾರೆ.

"ಅದಕ್ಕೇ ನಾನು ನಿಮ್ಮ ಸೊಸೆ, ಅತ್ತೆ!"

ಆಪರೇಷನ್ನಿಗೆ ಹೆದರಿಕೆಯೇ ಎಂದು ನಾನು ಕೇಳಿದರೆ ಅಕ್ಕ ಅಲ್ಲವೆಂದು ತಲೆಯಾಡಿಸುತ್ತಾರೆ. ಬೆಂಚಿನ ಮೇಲೆ ಕುಳಿತು ಬೆರಳು ಹಿಸುಕಿಕೊಳ್ಳುತ್ತಾರೆ. "ಯಾವುದು ಮಂಜು, ಯಾವುದು ಪೊರೆ ಅಂತ ಈಗ ಗೊತ್ತಾಗ್ತಿಲ್ಲಮ್ಮ. ಎದುರು ಬೆಟ್ಟದಲ್ಲಿ ಮರ ಕಡಿದಿದಾರೆ ಅಂತ ಮೀಸೆ ಹೇಳ್ತಾನೆ. ಅವನು ಸತ್ಯ ಹೇಳೋದೂ ನಗ್ತಾನೇ, ಸುಳ್ಳು ಹೇಳೋದೂ ನಗ್ತಾನೇ. ಕಣ್ಣು ಬಂದ ಮೇಲೆ ನಾನು ಹೇಳಿದ್ದೆಲ್ಲ ಸುಳ್ಳು ಅಂತ ಕಂಡ್ರೆ? ಅಷ್ಟು ಜನ ನಂಬ್ಕೊಂಡು ಹೋದ್ರಲ್ಲ."

ಮಧ್ಯಾಹ್ನದ ಹೊತ್ತಿಗೆ ಗಾಳಿ ಬೀಸುತ್ತದೆ. ಮಂಜು ನಡುವೆ ಸೀಳಿ ಎರಡು ಕಡೆಗೂ ಸರಿಯುತ್ತದೆ. ಶಿಖರ ಕಾಣುತ್ತದೆ, ನಿಜವಾಗಿಯೂ ಕಂಬಳಿ ಹೊದ್ದ ಮುದುಕನೇ. ಅದರ ಕೆಳಗೆ ಅರ್ಧ ಇಳಿಜಾರು ಬೋಳು. ಕೆಂಪು ಮಣ್ಣಿನ ಮೇಲೆ ಹೋಟೆಲುಗಳ ನೀಲಿ ತಗಡಿನ ಸೂರುಗಳು, ಒಂದು ಕ್ರೇನು.

"ತೆರೀತಾ?" ಕೆನ್ನೆಗೆ ತಾಗಿದ ಬಿಸಿಲಿಂದ ಅಕ್ಕನಿಗೆ ತಿಳಿದಿದೆ. "ನೀವು ಹೊಸಬರು, ಸುಳ್ಳು ಹೇಳಲ್ಲ. ಮರ ಇವೆಯಾ?"

ಇವೆ ಎಂದರೂ ನಿಜವೇ, ಇಲ್ಲ ಎಂದರೂ ನಿಜವೇ. ಯಾವುದನ್ನು ಹೇಳಲಿ ಎಂದು ನಾನು ಯೋಚಿಸುವಷ್ಟರಲ್ಲಿ ಸೊಸೆ ಅಂಗಡಿಯಿಂದ ಇಳಿದು ಬಂದು ಅತ್ತೆಯ ಪಕ್ಕ ಕೂರುತ್ತಾಳೆ.

"ಅರ್ಧ ಇವೆ ಅತ್ತೆ. ಇನ್ನರ್ಧದಲ್ಲಿ ನೀಲಿ ಸೂರುಗಳು."

"ಎಷ್ಟು ದಿನದಿಂದ?"

"ಬಹಳ ದಿನದಿಂದ."

"ಮತ್ತೆ ನೀನ್ಯಾಕೆ ಹೇಳ್ಲಿಲ್ಲ?"

"ನೀವು ಹೇಳ್ತಿದ್ದದ್ದು ಚೆನ್ನಾಗಿತ್ತು. ನಾನೂ ಅದನ್ನೇ ಕೇಳ್ತಾ ಕೂರ್ತಿದ್ದೆ."

ಮಂಜು ಮತ್ತೆ ಮುಚ್ಚಿಕೊಳ್ಳುತ್ತದೆ. ಒಂದು ಬಸ್ಸು ಬಂದು ಜನ ಇಳಿಯುತ್ತಾರೆ. ಅಕ್ಕ ಎದ್ದು ಹೋಗಿ ಅವರೆದುರು ನಿಲ್ಲುತ್ತಾರೆ. ಕೈ ಎತ್ತುವುದಕ್ಕೆ ಈ ಸಲ ತುಸು ತಡವಾಗುತ್ತದೆ. "ಎದುರಿಗೆ ದೊಡ್ಡ ಶಿಖರ. ಅದರ ಕೆಳಗೆ ಅರ್ಧ ಬೆಟ್ಟ ಮರ." ಕೈಯನ್ನು ಪಕ್ಕಕ್ಕೆ ಸರಿಸುತ್ತಾರೆ. "ಇನ್ನರ್ಧ ನೀಲಿ ಸೂರು ಅಂತೆ. ಅದನ್ನ ನಾನು ನೋಡಿಲ್ಲ."

ಜನ ಹೋದ ಮೇಲೆ ಸೊಸೆಯ ಕಡೆ ತಿರುಗಿ, "ಗುರುವಾರ ಬಸ್ಸು ಎಷ್ಟೊತ್ತಿಗೆ?" ಎನ್ನುತ್ತಾರೆ. "ಅಂತೆ ಅಂತೆ ಅಂತ ಇನ್ನೊಬ್ಬರ ಕಣ್ಣಿಂದ ಎಷ್ಟು ದಿನ ಹೇಳೋಕಾಗತ್ತೆ? ಚೆಂದ ಇರಲಿ, ಬಿಡಲಿ, ನಾನು ಕಂಡಿದ್ದನ್ನೇ ಹೇಳ್ಬೇಕು."

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮೊದಲು ಏನು ಮಾಡುತ್ತೀರಿ ಎಂದು ನಾನು ಕೇಳಿದಾಗ ಅಕ್ಕನ ಮುಖ ಅರಳುತ್ತದೆ.

"ಒಂದು ಬಿಸಿಲಿನ ದಿನ, ಊರು ನೋಡೋಕೆ ಬಂದವಳ ಥರ ಇಲ್ಲಿ ಬಂದು ನಿಲ್ತೀನಿ. ಪಕ್ಕದಲ್ಲಿ ಯಾರೂ ಬಾಯಿ ಬಿಡಬಾರದು. ನಾನೂ ಬಿಡಬಾರದು."